ತಿರುಗುವ ಗರಗಸ ನಿಂತಂತೆ ಕಾಣುವುದೇಕೆ?

ಪ್ರಶ್ನೆ: ಬದಿಯಡ್ಕದ ಬಳಿ ನಮ್ಮದೊಂದು ಸಣ್ಣ ಮರದ ಮಿಲ್ಲಿದೆ. ಬೆಳಕು ಸಾಲದೆಂದು ಚೋಕ್ ಇರುವ ಟ್ಯೂಬ್‌ಲೈಟ್‌ಗಳನ್ನು ಹೆಚ್ಚಿಸಿದ ಮೇಲೆ, ಸಂಜೆ ಹೊತ್ತು ಚಕ್ರಗರಗಸ ಮೆಲ್ಲನೆ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆಂದು ಕೆಲಸದವರು ಹೇಳುತ್ತಾರೆ. ಮಳೆಗಾಲದಲ್ಲಿ ಬಾಗಿಲು, ಕಿಟಕಿ ಮುಚ್ಚಿದಾಗ ಗೋಡೆಯ ಎಕ್ಸಾಸ್ಟ್ ಫ್ಯಾನ್ ಓಡಿದರೂ ಮರದ ಹುಡಿ ಹೋಗುವುದಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ಕಾಸರಗೋಡು ಜಿಲ್ಲೆ

ಉತ್ತರ: ಕೆಲಸದವರ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಇಂಥ ಟ್ಯೂಬಿನ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಮೋಟಾರಿಗೆ ನೇರವಾಗಿ ಜೋಡಿಸಿದ ಗರಗಸ ನಿಮಿಷಕ್ಕೆ 3000 ಸುತ್ತು ತಿರುಗಿದರೆ, ಎರಡು ಬೆಳಕುಗಳ ನಡುವೆ ಅದು ಸರಿಯಾಗಿ ಅರ್ಧ ಸುತ್ತು ಹೋಗಿರುತ್ತದೆ. ಹಲ್ಲುಗಳ ಸಂಖ್ಯೆ ಸಮವಾಗಿದ್ದರೆ ಒಂದು ಹಲ್ಲಿನ ಜಾಗಕ್ಕೆ ಇನ್ನೊಂದು ಬಂದು, ಕಣ್ಣಿಗೆ ಅದು ನಿಂತೇ ಇರುವಂತೆ ತೋರುತ್ತದೆ. ಮೋಟಾರಿನ ನಿಜವಾದ ವೇಗ 3000ಕ್ಕಿಂತ ತುಸು ಕಡಿಮೆಯಿರುವುದರಿಂದಲೇ ಹಿಂದಕ್ಕೆ ತೆವಳಿದಂತೆ ಕಾಣುವುದು. ಸ್ವಿಚ್ ಆರಿಸಿದ ಮೇಲಿನ ಹೊತ್ತು ಇನ್ನೂ ಅಪಾಯದ್ದು, ಏಕೆಂದರೆ ಆಗ ಗರಗಸ ಸದ್ದಿಲ್ಲದೆ ತಿರುಗುತ್ತಲೇ ಇರುತ್ತದೆ.

ಇದೇ ಬಗೆಯ ದೀಪಗಳನ್ನು ಇನ್ನಷ್ಟು ಹಾಕಿದರೆ ಪ್ರಯೋಜನವಿಲ್ಲ. ಚೋಕ್ ಬದಲು, ಬೆಳಕಿನ ಈ ಏರಿಳಿತವನ್ನು ತಪ್ಪಿಸುವ ಎಲೆಕ್ಟ್ರಾನಿಕ್ ಬ್ಯಾಲಸ್ಟ್ ಹಾಕಿಸಿ; ಅಗ್ಗದ ಎಲ್‌ಇಡಿಗಳಲ್ಲಿಯೂ ಈ ಮಿನುಗು ಇರುವುದುಂಟು, ನೋಡಿ ಕೊಳ್ಳಿ. ಅಕ್ಕಪಕ್ಕದ ದೀಪಗಳನ್ನು ಮೂರು ಫೇಸ್ ವಿದ್ಯುತ್ತಿನ ಬೇರೆ ಬೇರೆ ಫೇಸ್‌ಗೆ ಜೋಡಿಸಿ, ಒಂದರ ಬೆಳಕು ಇಳಿದಾಗ ಇನ್ನೊಂದರದು ಏರುವಂತೆ ಮಾಡುವುದು ಹಳೆಯ ಉಪಾಯ. ಆದರೆ ಎರಡು ಫೇಸ್‌ಗಳ ನಡುವೆ 400 ವೋಲ್ಟ್‌ಗೂ ಹೆಚ್ಚು ಒತ್ತಡವಿರುವುದರಿಂದ ಅದನ್ನು ಪರವಾನಗಿ ಇರುವ ವಯರ್‌ಮ್ಯಾನ್ ಮಾತ್ರ ಮಾಡಬೇಕು. ಗರಗಸದ ಮೇಲಿನ ಗಾರ್ಡ್ ಮಾತ್ರ ಯಾವ ಬೆಳಕಿನಲ್ಲಿಯೂ ತೆಗೆಯುವಂಥದ್ದಲ್ಲ.

ಇನ್ನು ಹುಡಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ; ಮುಖ್ಯವಾಗಿ ಅಪಾಯ ಮೂಗಿನ ಒಳಭಾಗಕ್ಕೆ. ಊದಿದರೆ ದೂರದ ದೀಪವೂ ಆರುತ್ತದೆ, ಉಸಿರೆಳೆದರೆ ಹತ್ತಿರದ್ದೂ ಆರದು. ಫ್ಯಾನಿನ ಕಥೆಯೂ ಅಷ್ಟೆ. ಹೀರುವ ಕೊಳವೆಯ ಬಾಯಿಯಿಂದ ಅದರ ವ್ಯಾಸದಷ್ಟು ದೂರದಲ್ಲಿಯೇ ಗಾಳಿಯ ವೇಗ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿದಿರುತ್ತದೆ. ಆದ್ದರಿಂದ ಹೀರುವ ಬಾಯಿ ಗೋಡೆಯಲ್ಲಲ್ಲ, ಗರಗಸದ ಹಲ್ಲಿನಿಂದ ಹುಡಿ ಸಿಡಿಯುವ ಜಾಗದಲ್ಲಿಯೇ ಇರಬೇಕು. ಒಳಗೆ ಬರುವಷ್ಟೇ ಗಾಳಿ ಹೊರಗೆ ಹೋಗುವುದರಿಂದ, ಮಳೆಗಾಲದಲ್ಲಿಯೂ ಮುಚ್ಚದ ಒಂದು ದಾರಿ ಬೇಕು. ಮಾಡು ಚಾಚಿರುವ ಕಡೆ ಇಳಿಜಾರು ಪಟ್ಟಿಗಳ ಜಾಲಂದ್ರವಾದರೆ ಎರಚಲು ಒಳಬರದು. ಅದನ್ನು ಫ್ಯಾನಿನ ಎದುರು ಗೋಡೆಯಲ್ಲಿಯೇ ಇಡಿಸಿ, ಪಕ್ಕದಲ್ಲಿದ್ದರೆ ಬಂದ ಗಾಳಿ ಕೆಲಸದವರನ್ನು ಮುಟ್ಟದೆ ಹಾಗೆಯೇ ಹೊರಟುಹೋಗುತ್ತದೆ.