ಮೊದಲ ನೂರು ಸೈಕಲ್ ನೋಡಿ ಬ್ಯಾಟರಿಯ ಆಯಸ್ಸು ಹೇಳಬಹುದಾ?

ನೀವು ಎರಡು ವಿಷಯ ಕೇಳಿದ್ದೀರಿ. ಒಂದು, ಕೆಲವೇ ಸೈಕಲ್ (ಒಂದು ಸಲ ಚಾರ್ಜ್, ಒಂದು ಸಲ ಡಿಸ್ಚಾರ್ಜ್ ಸೇರಿದರೆ ಒಂದು ಸೈಕಲ್) ಟೆಸ್ಟ್ ಮಾಡಿ ಮೆಷಿನ್ ಲರ್ನಿಂಗ್‌ನಿಂದ ಲಿಥಿಯಂ ಸೆಲ್ ಎಷ್ಟು ಬಾಳುತ್ತದೆ ಅಂತ ಹೇಳುವುದು ನಿಜವಾಗಲೂ ಆಗುತ್ತದಾ. ಇನ್ನೊಂದು, ನಾಸಾದ ನಾಲ್ಕು ಸೆಲ್‌ಗಳ ಡೇಟಾ ಹಾಕಿ ನೀವು ಮಾಡಿದ ನ್ಯೂರಲ್ ನೆಟ್‌ವರ್ಕ್ (ಒಂದು ಬಗೆಯ ಮೆಷಿನ್ ಲರ್ನಿಂಗ್ ಮಾಡೆಲ್) 99% ಸರಿ ಅಂತ ತೋರಿಸುತ್ತಿದೆ, ನಂಬಬಹುದಾ.

ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ ಈಗಲೇ ನಂಬಬೇಡಿ. ನಾನು ಸೆಲ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ, ಇದೇ ತಪ್ಪನ್ನು ಶುರುವಿನಲ್ಲಿ ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಿಮ್ಮ ಫೈಲ್‌ಗಳಲ್ಲಿ ಸೈಕಲ್‌ಗೆ ಒಂದರಂತೆ ನೂರಾರು ಸಾಲು ಇರಬಹುದು. ಆದರೆ ಒಂದು ಸೆಲ್ ಸಾಯುವುದು ಒಂದೇ ಸಲ ಅಲ್ವಾ? ನಾಲ್ಕು ಸೆಲ್ ಅಂದರೆ ಆಯಸ್ಸಿನ ಉತ್ತರ ನಾಲ್ಕೇ. ಸಾಲುಗಳನ್ನೆಲ್ಲ ಕಲಸಿ 80 ಭಾಗ ಕಲಿಯಲು, 20 ಭಾಗ ಪರೀಕ್ಷೆಗೆ ಅಂತ ಹಂಚಿದರೆ, 57ನೇ ಸೈಕಲ್ ಪರೀಕ್ಷೆಗೆ ಹೋದಾಗ ಅದೇ ಸೆಲ್‌ನ 56 ಮತ್ತು 58ನೇ ಸೈಕಲ್‌ಗಳು ಮಾಡೆಲ್‌ಗೆ ಮೊದಲೇ ಗೊತ್ತಿರುತ್ತವೆ, ಅಕ್ಕಪಕ್ಕದ ಸೈಕಲ್‌ಗಳಲ್ಲಿ ಕೆಪಾಸಿಟಿ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದು) ಹೆಚ್ಚೇನೂ ಬದಲಾಗುವುದಿಲ್ಲವಾದ್ದರಿಂದ ಅದು ನಡುವಿನದ್ದನ್ನು ಸುಮ್ನೆ ತುಂಬಿಸಿಬಿಡುತ್ತದೆ. ನನ್ನ ಮೊದಲ ಮಾಡೆಲ್ ಹೀಗೇ ಅದ್ಭುತವಾಗಿ ಕಂಡಿತ್ತು. ಹಂಚುವಾಗ ಇಡೀ ಸೆಲ್ ಅನ್ನೇ ಹೊರಗಿಟ್ಟು ನೋಡಿದ ದಿನ ಎಲ್ಲ ಕುಸಿಯಿತು. ಇನ್ನೂ ಒಂದು ಮಾತು. ಆ ನಾಲ್ಕರಲ್ಲಿ ಮೂರು ಸೆಲ್‌ಗಳ ಡಿಸ್ಚಾರ್ಜ್ ಸೈಕಲ್‌ಗಳು ಒಟ್ಟು 168, ಇನ್ನೊಂದರದ್ದು 132. ಅಂಥ ಸೆಲ್‌ನ 100 ಸೈಕಲ್ ನೋಡಿ ಆಯಸ್ಸು ಹೇಳಿದರೆ ಅದನ್ನು ಮುಂಚಿತವಾಗಿ ಹೇಳಿದ್ದು ಅನ್ನಲಾಗುವುದಿಲ್ಲ.

ಈಗ ನಿಜವಾಗಿ ಆದ ಕೆಲಸಕ್ಕೆ ಬರೋಣ. 2019ರಲ್ಲಿ ಸ್ಟ್ಯಾನ್‌ಫರ್ಡ್, ಎಂಐಟಿ ಮತ್ತು ಟೊಯೋಟಾ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಸೇರಿ 124 ಸೆಲ್‌ಗಳನ್ನು ಬೇರೆ ಬೇರೆ ರೀತಿಯ ಫಾಸ್ಟ್ ಚಾರ್ಜಿಂಗ್‌ಗೆ ಒಡ್ಡಿ, ಕೆಪಾಸಿಟಿ 80%ಗೆ ಇಳಿಯುವವರೆಗೆ (ಅಲ್ಲಿಗೆ ಆಯಸ್ಸು ಮುಗಿದಂತೆ ಲೆಕ್ಕ) ಓಡಿಸಿದರು. ಎಲ್ಲವೂ ಒಂದೇ ಮಾದರಿಯ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು, ಆದರೂ ಕೆಲವು 150 ಸೈಕಲ್‌ಗೇ ಮುಗಿದವು, ಕೆಲವು 2300ರವರೆಗೂ ಹೋದವು. ಮೊದಲ 100 ಸೈಕಲ್‌ಗಳ ಡೇಟಾದಿಂದ ಆಯಸ್ಸು ಹೇಳಿದಾಗ ಅವರ ಒಳ್ಳೆಯ ಮಾಡೆಲ್‌ನ ತಪ್ಪು 9.1%. ಬರೀ 5 ಸೈಕಲ್ ನೋಡಿ ಬೇಗ ಸಾಯುವುದು, ತುಂಬ ಬಾಳುವುದು ಅಂತ ಎರಡು ಗುಂಪು ಮಾಡಿದಾಗ ತಪ್ಪು 4.9%.

ನನಗೆ ಇವತ್ತಿಗೂ ಆಶ್ಚರ್ಯ ಅನ್ನಿಸುವುದು ಈ ಅಂಕಿಗಳಲ್ಲ. ನೂರನೇ ಸೈಕಲ್‌ನಲ್ಲಿ ಆ ಸೆಲ್‌ಗಳ ಕೆಪಾಸಿಟಿ ಹೆಚ್ಚುಕಡಿಮೆ ಇಳಿದಿರಲೇ ಇಲ್ಲ, ಹೆಚ್ಚಿನವುಗಳಲ್ಲಿ ಒಂದಿಷ್ಟು ಜಾಸ್ತಿಯೇ ಆಗಿತ್ತು! ಅಂದರೆ ಕೆಪಾಸಿಟಿಯ ಗ್ರಾಫ್ ಎಷ್ಟು ದಿಟ್ಟಿಸಿದರೂ ಯಾವುದು ಬೇಗ ಹೋಗುತ್ತದೆ ಅಂತ ಗೊತ್ತಾಗುವುದಿಲ್ಲ. ಸುಳಿವು ಇದ್ದದ್ದು ಡಿಸ್ಚಾರ್ಜ್ ಆಗುವಾಗಿನ ವೋಲ್ಟೇಜ್ ಗೆರೆಯ ಆಕಾರದಲ್ಲಿ. ಪ್ರತಿ ವೋಲ್ಟೇಜ್‌ನಲ್ಲೂ ನೂರನೇ ಸೈಕಲ್‌ನ ಕೆಪಾಸಿಟಿಯಿಂದ ಹತ್ತನೇ ಸೈಕಲ್‌ನದ್ದನ್ನು ಕಳೆಯಿರಿ. ಚೆನ್ನಾಗಿ ಬಾಳುವ ಸೆಲ್‌ನಲ್ಲಿ ಆ ವ್ಯತ್ಯಾಸ ಸೊನ್ನೆಯ ಹತ್ತಿರ ಚಪ್ಪಟೆಯಾಗಿ ಇರುತ್ತದೆ. ಬೇಗ ಸಾಯುವುದರಲ್ಲಿ ನಡುವೆ ದೊಡ್ಡ ಹಳ್ಳ ಬೀಳುತ್ತದೆ. ಆ ವ್ಯತ್ಯಾಸದ ವೇರಿಯನ್ಸ್ (ಎಷ್ಟು ಏರಿಳಿತ ಇದೆ ಅನ್ನುವ ಅಳತೆ) ತೆಗೆದು ಲಾಗ್ ಮಾಡಿದರೆ ಸಿಗುವ ಒಂದೇ ಒಂದು ಸಂಖ್ಯೆ ಆಯಸ್ಸಿನ ಲಾಗ್ ಜೊತೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಕೂರುತ್ತದೆ. ನ್ಯೂರಲ್ ನೆಟ್‌ವರ್ಕ್ ಬೇಕಾಗಲೇ ಇಲ್ಲ, ಅವರು ಬಳಸಿದ್ದು ಲೀನಿಯರ್ ಮಾಡೆಲ್.

ಯಾಕೆ ಹೀಗೆ? ಅವರು ಕೊಟ್ಟ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಸೆಲ್‌ನಲ್ಲಿ, ಚಾರ್ಜ್ ಮಾಡಿದಾಗ ಲಿಥಿಯಂ ಹೋಗಿ ಕೂರುವ ಗ್ರಾಫೈಟ್ ಅನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಿರುತ್ತಾರೆ. ಅದರಲ್ಲಿ ಒಂದು ಭಾಗ ಕೆಲಸ ನಿಲ್ಲಿಸಿದರೂ ಉಳಿದದ್ದು ಲಿಥಿಯಂ ಹಿಡಿದುಕೊಳ್ಳುತ್ತದೆ, ಹಾಗಾಗಿ ಒಟ್ಟು ಕೆಪಾಸಿಟಿ ಕಡಿಮೆಯಾಗುವುದಿಲ್ಲ. ಆದರೆ ಯಾವ ವೋಲ್ಟೇಜ್‌ನಲ್ಲಿ ಎಷ್ಟು ಚಾರ್ಜ್ ಹೊರಬರುತ್ತದೆ ಅನ್ನುವುದು ಬದಲಾಗುತ್ತದೆ, ಗೆರೆ ಸರಿಯುತ್ತದೆ. ಹೀಗೇ ಹೋಗಿ ಹೋಗಿ ಒಂದು ದಿನ ಗ್ರಾಫೈಟ್ ಸಾಲದಾಗುತ್ತದೆ. ಆಗ ಲಿಥಿಯಂ ಒಳಗೆ ಹೋಗಲಾರದೆ ಮೇಲೆಯೇ ಲೋಹವಾಗಿ ಕೂರುತ್ತದೆ, ಅದರಲ್ಲಿ ಬಹುಪಾಲು ಮತ್ತೆ ಕೆಲಸಕ್ಕೆ ಬರುವುದಿಲ್ಲ, ಕೆಪಾಸಿಟಿ ದಿಢೀರ್ ಅಂತ ಬೀಳುತ್ತದೆ. ನಾವು ಟೆಸ್ಟಿಂಗ್‌ನಲ್ಲಿ ನೋಡುವ ಆ ಕೊನೆಯ ಕುಸಿತಕ್ಕೆ ಬೇರು ನೂರನೇ ಸೈಕಲ್‌ಗಿಂತ ಮುಂಚೆಯೇ ಬಿಟ್ಟಿರುತ್ತದೆ.

ಈ ವಿವರಣೆ ಆ ಒಂದು ಬಗೆಯ ಸೆಲ್‌ನದ್ದು, ಹಾಗಾಗಿ ಇದನ್ನು ಎಲ್ಲ ಸೆಲ್‌ಗೂ ಹಚ್ಚಬೇಡಿ. ನಿಕಲ್, ಕೋಬಾಲ್ಟ್ ಇರುವ ಸೆಲ್‌ಗಳ ವೋಲ್ಟೇಜ್ ಗೆರೆಯ ಆಕಾರವೇ ಬೇರೆ, ಹಾಳಾಗುವ ಬಗೆಯೂ ಬೇರೆ ಇರಬಹುದು. ಓಡಿಸದೆ ಸುಮ್ನೆ ಇಟ್ಟ ಸೆಲ್ ಕೂಡ ಬಿಸಿಯಲ್ಲಿ, ಅದೂ ಫುಲ್ ಚಾರ್ಜ್‌ನಲ್ಲಿದ್ದರೆ, ಬೇಗ ಮುಪ್ಪಾಗುತ್ತದೆ. ಅದು ಲ್ಯಾಬ್‌ನ ವೇಗದ ಸೈಕಲ್‌ಗಳಲ್ಲಿ ಸರಿಯಾಗಿ ಕಾಣುವುದಿಲ್ಲ. ಟೆಸ್ಟ್ ಮಾಡುವ ಚಾನೆಲ್ (ಟೆಸ್ಟ್ ಮೆಷಿನ್‌ನಲ್ಲಿ ಒಂದು ಸೆಲ್ ಜೋಡಿಸುವ ಜಾಗ) ಮೇಲೂ ಒಂದು ಕಣ್ಣಿರಲಿ. ನಮ್ಮಲ್ಲಿ ಒಮ್ಮೆ ಒಂದು ಚಾನೆಲ್‌ನ ಕ್ಲಿಪ್ ಸಡಿಲವಾಗಿತ್ತು, ಅದರಿಂದ ಬಂದ ಅಳತೆಯ ಏರುಪೇರನ್ನೇ ಮಾಡೆಲ್ ಆಯಸ್ಸಿನ ಸುಳಿವು ಅಂದುಕೊಂಡು ಕಲಿತುಬಿಟ್ಟಿತ್ತು.

ಇಷ್ಟು ಮಿತಿ ಇದ್ದರೂ ಉಪಯೋಗ ದೊಡ್ಡದು. 2020ರಲ್ಲಿ ಇದೇ ದಾರಿಯಲ್ಲಿ 224 ಫಾಸ್ಟ್ ಚಾರ್ಜಿಂಗ್ ಕ್ರಮಗಳ ನಡುವೆ ಒಳ್ಳೆಯದನ್ನು 16 ದಿನದಲ್ಲಿ ಹುಡುಕಿದರು. ಪ್ರತಿ ಸೆಲ್ ಅನ್ನೂ ಸಾಯುವವರೆಗೆ ಓಡಿಸಿ ಎಲ್ಲ ಕ್ರಮಗಳನ್ನೂ ನೋಡಿದ್ದರೆ 500 ದಿನಕ್ಕಿಂತ ಜಾಸ್ತಿ ಬೇಕಿತ್ತು.

ನೀವು ಮಾಡಬೇಕಾದ್ದು ಇಷ್ಟು. ಆ 124 ಸೆಲ್‌ಗಳ ಡೇಟಾ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ, ಇಳಿಸಿಕೊಳ್ಳಿ. ಸೆಲ್‌ಗಳ ಲೆಕ್ಕದಲ್ಲಿ ಹಂಚಿ, ಒಟ್ಟಿಗೆ ಟೆಸ್ಟ್ ಮಾಡಿದ ಸೆಲ್‌ಗಳ ಒಂದು ಬ್ಯಾಚ್ ಪೂರ್ತಿ ಪಕ್ಕಕ್ಕಿಡಿ. ಎಲ್ಲ ಸೆಲ್‌ಗೂ ಸರಾಸರಿ ಆಯಸ್ಸನ್ನೇ ಉತ್ತರ ಅಂತ ಕೊಟ್ಟರೆ ಎಷ್ಟು ತಪ್ಪು ಬರುತ್ತದೆ ಅಂತ ಮೊದಲು ನೋಡಿ, ಆಮೇಲೆ ಆ ಒಂದೇ ಸಂಖ್ಯೆಯ ನೇರ ಗೆರೆ, ಕೊನೆಗೆ ನಿಮ್ಮ ನ್ಯೂರಲ್ ನೆಟ್‌ವರ್ಕ್. ಮೂರರ ತಪ್ಪನ್ನೂ ಪಕ್ಕಪಕ್ಕ ಇಟ್ಟು ಇಲ್ಲೇ ಬರೆಯಿರಿ, ನಾನು ಖಂಡಿತ ನೋಡುತ್ತೇನೆ.