ಓದುಗರ ಪ್ರಶ್ನೆ: 31ಕ್ಕೆ ನೀಟ್ ಬರೆಯಬಹುದಾ?

ಪ್ರಶ್ನೆ: ನನಗೆ 31 ವರ್ಷ. ಪಿಯುಸಿ ಆರ್ಟ್ಸ್ ಓದಿ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಮಾಡಿದೆ. ಈಗ ಯಾದಗಿರಿಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಸ್ಟಾಫ್ ನರ್ಸ್. ಎರಡನೇ ಕ್ಲಾಸಿನ ಮಗ ಇದ್ದಾನೆ. ಎಂಬಿಬಿಎಸ್ ಆಸೆ ಮಾತ್ರ ಹೋಗಿಲ್ಲ. ಮನೆಯಲ್ಲಿ "ವಯಸ್ಸಾಯ್ತು, ಸೈನ್ಸೂ ಓದಿಲ್ಲ, ಯಾರು ತಗೋತಾರೆ" ಅಂತಾರೆ. ನರ್ಸ್‌ಗಳಿಗೆ ಕೋಟಾ ಇದೆಯಾ?
– ಹೆಸರು ಬೇಡ, ಸುರಪುರ

ಉತ್ತರ: ಸಿಸ್ಟರ್, ವಯಸ್ಸಿನ ಮಾತು ಬಿಟ್ಟುಬಿಡಿ. ನೀಟ್‌ಗೆ ಇದ್ದ ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲೇ ತೆಗೆದರು, 17 ತುಂಬಿದ್ದರೆ ಸಾಕು. ನರ್ಸ್ ಅಂತ ಕೋಟಾ ಇಲ್ಲ, ಅನುಭವಕ್ಕೆ ಒಂದು ಅಂಕವೂ ಇಲ್ಲ. ಹತ್ತು ವರ್ಷ ವಾರ್ಡ್‌ನಲ್ಲಿ ದುಡಿದವರಿಗೂ ಈಗಷ್ಟೇ ಪಿಯುಸಿ ಮುಗಿಸಿದ ಹುಡುಗನಿಗೂ ಒಂದೇ ಪೇಪರ್. ಇದು ಅನ್ಯಾಯ ಅಂತ ನನಗೂ ಅನಿಸುತ್ತೆ, ಆದರೆ ನಿಯಮ ಇರುವುದೇ ಹಾಗೆ.

ಸೈನ್ಸ್ ಓದಿಲ್ಲ ಅನ್ನುವುದಕ್ಕೆ ದಾರಿ ಇದೆ. ಪಿಯುಸಿ ಆದಮೇಲೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡವರೂ ನೀಟ್ ಬರೆಯಬಹುದು ಅಂತ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಹೇಳಿದೆ. ಓಪನ್ ಸ್ಕೂಲ್, ಅಂದರೆ ಎನ್‌ಐಓಎಸ್‌ನಲ್ಲಿ ಬೇಕಾದ ವಿಷಯ ಮಾತ್ರ ತೆಗೆದುಕೊಂಡು ಬರೆಯಬಹುದು, ಇದಕ್ಕೆ ಪಾರ್ಟ್ ಅಡ್ಮಿಷನ್ ಅಂತಾರೆ. ಪ್ರಾಕ್ಟಿಕಲ್ ಇರುತ್ತೆ, ತಪ್ಪಿಸಬೇಡಿ. ಈ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ 50, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ 40 ಪರ್ಸೆಂಟ್ ಬೇಕು.

ನಿಜವಾದ ಕಷ್ಟ ಫಿಸಿಕ್ಸ್. ನೀಟ್ 720 ಅಂಕದ್ದು, 180 ಪ್ರಶ್ನೆ, ಮೂರು ಗಂಟೆ. ಅರ್ಧ ಬಯಾಲಜಿ, ಅಲ್ಲಿ ನಿಮಗೆ ಸ್ವಲ್ಪ ಅನುಕೂಲ. ಕ್ಯಾಥೆಟರ್ ಬ್ಯಾಗಿನ ಅಳತೆ ನೋಡಿ ಚಾರ್ಟ್‌ನಲ್ಲಿ ಬರೆಯುವವರಿಗೆ ಮೂತ್ರಪಿಂಡದ ಪಾಠ ಹೊಸದೇನಲ್ಲ. ಆದರೆ ಬಯಾಲಜಿಯಲ್ಲಿ ಗಿಡಮರಗಳೂ ಜಾಸ್ತಿ ಬರುತ್ತವೆ, ಅದನ್ನು ಎನ್‌ಸಿಇಆರ್‌ಟಿ ಪುಸ್ತಕ ಹಿಡಿದು ಸಾಲು ಸಾಲಾಗಿ ಓದಲೇಬೇಕು. ಫಿಸಿಕ್ಸ್‌ನ 45 ಪ್ರಶ್ನೆಗೆ ಲೆಕ್ಕ ಬೇಕು, ಹತ್ತನೇ ಕ್ಲಾಸಿನ ಲೆಕ್ಕವೇ ಮರೆತಿದ್ದರೆ ಮೊದಲು ಅಲ್ಲಿಂದ ಶುರು ಮಾಡಿ, ನೇರವಾಗಿ ಕೋಚಿಂಗ್‌ಗೆ ದುಡ್ಡು ಸುರಿಯಬೇಡಿ. ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತೆ, ಗೊತ್ತಿಲ್ಲದ್ದನ್ನು ಸುಮ್ನೆ ತುಂಬಬೇಡಿ. ಪೇಪರ್ ಕನ್ನಡದಲ್ಲೂ ಸಿಗುತ್ತೆ, ಪಕ್ಕದಲ್ಲೇ ಇಂಗ್ಲಿಷೂ ಇರುತ್ತೆ. ಎಂಬಿಬಿಎಸ್ ಪುಸ್ತಕ ಮಾತ್ರ ಇಂಗ್ಲಿಷೇ.

ನೀವು ಕೇಳದ ಒಂದು ವಿಷಯ: 371ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ. ಕಲ್ಯಾಣ ಕರ್ನಾಟಕದ ಕಾಲೇಜುಗಳ ಸೀಟಿನಲ್ಲಿ 70 ಪರ್ಸೆಂಟ್ ನಮ್ಮವರಿಗೆ, ರಾಜ್ಯದ ಉಳಿದ ಕಡೆ 8. ಯಾದಗಿರಿ, ಕಲಬುರಗಿ, ಬೀದರ್, ರಾಯಚೂರು, ಎಲ್ಲೆಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜಿದೆ. 371ಜೆ ಸರ್ಟಿಫಿಕೇಟ್ ಕೊಡುವುದು ಉಪವಿಭಾಗಾಧಿಕಾರಿ ಕಚೇರಿ. ಕೌನ್ಸೆಲಿಂಗ್ ಹೊತ್ತಿಗೆ ಓಡಾಡುವ ಬದಲು ಈಗಲೇ ಮಾಡಿಸಿ ಇಡಿ. ಹತ್ತನೇವರೆಗೆ ಕನ್ನಡ ಮೀಡಿಯಂ ಅಥವಾ ಹಳ್ಳಿ ಶಾಲೆ ಆಗಿದ್ದರೆ ಅದಕ್ಕೂ ಮೀಸಲಾತಿ ಇದೆ, ಆ ಸರ್ಟಿಫಿಕೇಟೂ ತೆಗೆಸಿ.

ಇನ್ನು ಮನೆ ಖರ್ಚು. ಓದು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಎರಡು ವರ್ಷ ತಯಾರಿ ಹಿಡಿದರೂ 39ರ ಹೊತ್ತಿಗೆ ಡಾಕ್ಟರ್. ಆ ನಾಲ್ಕೂವರೆ ವರ್ಷ ನಿಮ್ಮ ಸಂಬಳ ಇರಲ್ಲ, ಮಗನ ಓದು ಇರುತ್ತೆ. "ಯಾರು ತಗೋತಾರೆ" ಅಂದವರ ಜೊತೆ ಕೂತು ಈ ಲೆಕ್ಕ ಮಾಡಿ, ವಯಸ್ಸಿನ ವಾದ ಬೇಡ. ಖಾಸಗಿ ಕಾಲೇಜಿಗೆ ಸಾಲ ಮಾಡಿ ಹೋಗುವುದನ್ನು ನಾನಂತೂ ಒಪ್ಪಲ್ಲ. ಸರ್ಕಾರಿ ಸೀಟು ಸಿಕ್ಕರೆ ಹೋಗಿ. ಇಲ್ಲದಿದ್ದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ನರ್ಸಿಂಗ್ ಇದ್ದೇ ಇದೆ.

ಮತ್ತೆ, ಸೀಟು ಅಲಾಟ್ ಆಗುವ ತನಕ ಕೆಲಸ ಬಿಡಬೇಡಿ. ನೈಟ್ ಡ್ಯೂಟಿ ಕಡಿಮೆ ಹಾಕಿ ಅಂತ ಇನ್‌ಚಾರ್ಜ್‌ರನ್ನು ಕೇಳಿ ನೋಡಿ.