ಮಗುವಿನ ಕೈ ತೊಂದರೆಗೆ ಮೊಬೈಲೇ ಕಾರಣವೇ?

ಮಲ್ಲೇಶ್ವರದ ಅಜ್ಜಿಯೊಬ್ಬರ ಪತ್ರ: "ಏಳು ವರ್ಷದ ಮೊಮ್ಮಗನಿಗೆ ಅಂಗಿ ಗುಂಡಿ ಹಾಕಿಕೊಳ್ಳಲು ಆಗುತ್ತಿಲ್ಲ. ಅವಲಕ್ಕಿಯಲ್ಲಿ ಕಡಲೆಬೀಜ ಆರಿಸಿ ತಿನ್ನುತ್ತಿದ್ದವನು ಈಗ ಅಂಗೈಯಲ್ಲಿ ಬಾಚಿಕೊಳ್ಳುತ್ತಾನೆ. ರಾತ್ರಿ ಎದ್ದು ಬೆರಳು ಕಚ್ಚುತ್ತಾನೆ. ನೋವು ಅಂತ ಹೇಳುವುದಿಲ್ಲ. ಕಾರ್ಪಲ್ ಟನಲ್ ಇರಬೇಕು, ಮೊಬೈಲ್ ಜಾಸ್ತಿ ಆಡಿದ್ದಕ್ಕೇ ಬಂತು ಅಂತ ಮನೆಯಲ್ಲಿ ದಿನಾ ಬೈಗುಳ. ನಿಜವೇ?"

ಅಮ್ಮಾ, ಮೊದಲು ಆ ಬೈಗುಳ ನಿಲ್ಲಬೇಕು. ಮಗುವಿನದು ತಪ್ಪೇನಿಲ್ಲ.

ಮಣಿಕಟ್ಟಿನಲ್ಲಿ ಕಾರ್ಪಲ್ ಟನಲ್ ಎಂಬ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಿಸುವ 9 ಸ್ನಾಯುರಜ್ಜುಗಳು, ಜೊತೆಗೆ ಮೀಡಿಯನ್ ನರ, ಎಲ್ಲವೂ ಅದರೊಳಗೇ ಹಾಯಬೇಕು. ಜಾಗ ಕಡಿಮೆಯಾದರೆ ನರ ಅದುಮಿಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಏನೂ ಆಗುವುದಿಲ್ಲ. ದೊಡ್ಡವರು ಇದನ್ನು ಬಾಯಿಬಿಟ್ಟು ಹೇಳುತ್ತಾರೆ. ಮಕ್ಕಳಿಗೆ ಜೋಮು ಅಂತ ಹೇಳಲು ಬರುವುದಿಲ್ಲ, ಬೆರಳು ಕಚ್ಚುತ್ತಾರೆ, ಆ ಕೈ ಬಳಸುವುದನ್ನೇ ಬಿಡುತ್ತಾರೆ. ಹೆಬ್ಬೆರಳಿನ ಬುಡದ ಮಾಂಸ ಕರಗಿದೆಯಾ, ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡಿ.

ಮಕ್ಕಳಲ್ಲಿ ಇದು ತೀರಾ ಅಪರೂಪ. ಬಂದರೆ ಹಿಂದೆ ಬೇರೇನೋ ಇದೆಯಾ ಅಂತ ಹುಡುಕಲೇಬೇಕು. ಹೆಚ್ಚಾಗಿ ಸಿಗುವ ಕಾರಣ ಮ್ಯೂಕೋಪಾಲಿಸ್ಯಾಕರಿಡೋಸಿಸ್ ಎಂಬ ಹುಟ್ಟಿನಿಂದಲೇ ಬರುವ ಕಾಯಿಲೆಗಳ ಗುಂಪು. ಒಂದು ಎಂಜೈಮ್ ಕೊರತೆಯಿಂದ ಕರಗಬೇಕಾದ ಸಕ್ಕರೆಯಂಥ ವಸ್ತು ಕರಗದೆ ಕೀಲು, ಪೊರೆಗಳಲ್ಲಿ ತುಂಬಿಕೊಳ್ಳುತ್ತದೆ. ಅದರಿಂದ ಮಣಿಕಟ್ಟಿನ ದಾರಿ ಕಿರಿದಾಗುತ್ತದೆ. ಇದರ ಗುರುತು ಬೇರೆ ಕಡೆಯೂ ಇರುತ್ತದೆ: ಬೆರಳು ಪೂರ್ತಿ ಚಾಚಲಾಗದು, ಹೊಕ್ಕುಳು ಉಬ್ಬಿರುತ್ತದೆ, ಮತ್ತೆ ಮತ್ತೆ ಕಿವಿ ಸೋರುತ್ತದೆ, ಜೋರು ಗೊರಕೆ. ಕೆಲವರಲ್ಲಿ ಮಣಿಕಟ್ಟಿನ ಮೂಳೆ ಮುರಿದದ್ದೋ, ಮನೆತನದಲ್ಲೇ ಇರುವ ತೊಂದರೆಯೋ ಕಾರಣವಾಗುತ್ತದೆ.

ಹಾಗಂತ ನಿಮ್ಮ ಮೊಮ್ಮಗನಿಗೆ ಇದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ನಾನು ಡಾಕ್ಟರಲ್ಲ. ಆದರೆ ಸುಮ್ನೆ ಎಣ್ಣೆ ತಿಕ್ಕಿಕೊಂಡು ಕಾಯಬೇಡಿ. ನರ ಬಹಳ ದಿನ ಅದುಮಿದರೆ ಹೋದ ಬಲ ಪೂರ್ತಿ ಮರಳದೇ ಇರಬಹುದು. ಮಕ್ಕಳ ಡಾಕ್ಟರಿಗೆ ತೋರಿಸಿ, ನರದಲ್ಲಿ ಸಂಕೇತ ಸರಿಯಾಗಿ ಹರಿಯುತ್ತಿದೆಯಾ ಅಂತ ನೋಡುವ ನರ್ವ್ ಕಂಡಕ್ಷನ್ ಪರೀಕ್ಷೆ ಬೇಕಾ ಅಂತ ಕೇಳಿ. ಹುಟ್ಟಿನಿಂದ ಬರುವ ಆ ಕಾಯಿಲೆಯ ಅನುಮಾನ ಬಂದರೆ ಮೂತ್ರ ಪರೀಕ್ಷೆ ಮತ್ತು ರಕ್ತದ ಎಂಜೈಮ್ ಪರೀಕ್ಷೆ ಮಾಡಿಸುತ್ತಾರೆ. ಒತ್ತಡ ಬಿಡಿಸಲು ಮಣಿಕಟ್ಟಿನ ಶಸ್ತ್ರಚಿಕಿತ್ಸೆ ಇದೆ. ಮೂಲ ಕಾಯಿಲೆಯ ಕೆಲವು ಬಗೆಗಳಿಗೆ ಡ್ರಿಪ್‌ನಲ್ಲಿ ಎಂಜೈಮ್ ಕೊಡುತ್ತಾರೆ. ಅದು ತುಂಬಾ ದುಬಾರಿ, ನಿಜ. ಆದರೆ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ, ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಅದರ ಕೇಂದ್ರವೊಂದು ನಮ್ಮ ಬೆಂಗಳೂರಲ್ಲೇ ಇದೆ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ ಅದರ ಜೊತೆಗಿದೆ.

ಡಾಕ್ಟರ ಮುಂದೆ ಮೊಬೈಲ್ ವಿಷಯ ಎಷ್ಟು ಬೇಕೋ ಅಷ್ಟು ಹೇಳಿ. ಕಡಲೆಬೀಜದ ವಿಷಯವನ್ನು ಮಾತ್ರ ಪತ್ರದಲ್ಲಿ ಬರೆದಂತೆಯೇ, ಯಾವಾಗಿನಿಂದ ಅಂತ ಸೇರಿಸಿ, ಬಿಡದೆ ಹೇಳಿ.